ಫಿಯಟ್ ಎಂಜಿನ್ ಅಂಗಳಕ್ಕೆ ಇಳಿದ ದಿನ

ನಮ್ಮ ಮನೆಯಲ್ಲಿರುವುದು 1986ರ ಪ್ರೀಮಿಯರ್ ಪದ್ಮಿನಿ ಕಾರು. ಆರ್‌ಸಿಯಲ್ಲಿ ಹೆಸರು ಹಾಗಿದೆ, ನಮ್ಮ ಬಾಯಲ್ಲಿ ಮಾತ್ರ ಅದು ಯಾವತ್ತೂ ಫಿಯಟ್ಟೇ. ತಿಪಟೂರಿನ ಹತ್ತಿರದ ನಮ್ಮ ಊರಿಗೆ ಅಪ್ಪ ಅದನ್ನು ತಂದಾಗ ನಾನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕಲ್ವಾ, ಈ ಸಲದ ಸರದಿ ಹತ್ತಿರ ಬಂದಿತ್ತು. ಗಾಡಿ ನೋಡಿದರೆ ಹಿಂದೆಲ್ಲ ನೀಲಿ ಹೊಗೆ.

ಪ್ಲಗ್ ಬಿಚ್ಚಿ, ಗೇಜ್ ಇಟ್ಟು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದೆವು. ಮೂರನೇ ಸಿಲಿಂಡರ್ ತೀರಾ ಕಡಿಮೆ ತೋರಿಸಿತು. ಅದೇ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಮೇಲೇರಿತು. ಅಂದರೆ ವಾಲ್ವ್ ಅಲ್ಲ, ಸವೆದಿರುವುದು ಪಿಸ್ಟನ್ ರಿಂಗು, ಸಿಲಿಂಡರಿನ ಬೋರು. ಎಂಜಿನ್ ಇಳಿಸದೆ ಬೇರೆ ದಾರಿ ಇರಲಿಲ್ಲ.

ಹಿಂದೊಮ್ಮೆ ಒಂದು ಗ್ಯಾರೇಜಿಗೆ ಬಿಟ್ಟಾಗ ಕೆಲವು ಬೋಲ್ಟು ಬದಲಾಗಿ ವಾಪಸ್ ಬಂದಿತ್ತು. ಅದನ್ನು ಅಪ್ಪ ಮರೆತಿರಲಿಲ್ಲ. "ಲೇತ್ ಕೆಲಸ ಅವರು ಮಾಡ್ಲಿ. ಬಿಚ್ಚೋದು, ಕಟ್ಟೋದು ನಾವೇ" ಎಂದರು. ಅಪ್ಪನಿಗೆ ಈಗ ಎಪ್ಪತ್ತಾರು.

ಎಂಜಿನ್ ಎತ್ತಲು ಹಲಸಿನ ಕೊಂಬೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಅಪ್ಪ ಸುತರಾಂ ಒಪ್ಪಲಿಲ್ಲ. ಹಸಿ ಕೊಂಬೆ ಬಾಗುತ್ತೆ, ಭಾರ ಓಲಾಡುತ್ತೆ. ಕೊನೆಗೆ ಬೋರ್‌ವೆಲ್ ಮೋಟಾರ್ ಎತ್ತುವ ಅಣ್ಣನ ಹತ್ತಿರ ಕಬ್ಬಿಣದ ಪೈಪಿನ ಮುಕ್ಕಾಲಿ, ಒಂದು ಟನ್ನಿನ ಚೈನ್ ಬ್ಲಾಕ್ ತಂದೆವು. ನೂರಾರು ಅಡಿ ಪೈಪು, ಮೋಟಾರು ಎತ್ತುವ ಮುಕ್ಕಾಲಿ ಅದು. ಎಂಜಿನ್ ಅದಕ್ಕೆ ಯಾವ ಲೆಕ್ಕ. ಮೂರೂ ಕಾಲು ಜಾರದಂತೆ ಸುತ್ತ ಹಗ್ಗ ಕಟ್ಟಿದೆವು.

ಮೊದಲು ಬ್ಯಾಟರಿ ತೆಗೆದೆವು. ಆಮೇಲೆ ಬಾನೆಟ್, ರೇಡಿಯೇಟರ್. ಕೂಲೆಂಟನ್ನು ಹಳೇ ಬೇಸಿನ್‌ಗೆ ಇಳಿಸಿ ಕೂಡಲೇ ಮುಚ್ಚಿಟ್ಟೆ. ಅದು ಸಿಹಿಯಾಗಿರುತ್ತೆ, ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟು ತುರುಕಿ ಕ್ಲಿಪ್ ಬಿಗಿದೆ. ಒಂದೊಂದು ವೈರಿಗೂ ಟೇಪ್ ಸುತ್ತಿ ಹೆಸರು ಬರೆದೆ. ಸೈಲೆನ್ಸರ್ ಪೈಪಿನ ನಟ್ಟುಗಳೇ ಅರ್ಧ ದಿನ ತಿಂದವು. ಹಿಂದಿನ ರಾತ್ರಿಯೇ ಡೀಸೆಲ್ ಹಾಕಿ ನೆನೆಸಿದ್ದೆವು. ಅಷ್ಟಾದರೂ ಒಂದು ಮುರಿದೇ ಹೋಯಿತು.

ಗೇರ್ ಬಾಕ್ಸ್ ಮಾತ್ರ ಗಾಡಿಯಲ್ಲೇ ಬಿಡಬೇಕೆಂದು ಮೊದಲೇ ತೀರ್ಮಾನ ಆಗಿತ್ತು. ಈ ಗಾಡಿಯ ಗೇರು ಸ್ಟೀರಿಂಗ್ ಪಕ್ಕದಲ್ಲಿದೆ. ಅಲ್ಲಿಂದ ಇಳಿಯುವ ರಾಡುಗಳನ್ನು ಸುಮ್ನೆ ಯಾಕೆ ಅಲುಗಾಡಿಸೋದು? ಗೇರ್ ಬಾಕ್ಸ್ ಕೆಳಗೆ ಮರದ ತುಂಡು, ಅದರ ಕೆಳಗೆ ಜಾಕಿ ಕೊಟ್ಟೆವು. ಹೀಗೆ ಮಾಡುವಾಗ ಎಂಜಿನ್ನನ್ನು ನೇರವಾಗಿ ಮೇಲೆತ್ತುವಂತಿಲ್ಲ. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನೊಳಗೆ ಕೂತಿರುತ್ತೆ. ಅದು ಪೂರ್ತಿ ಬಿಡುವವರೆಗೆ ಎಂಜಿನ್ನನ್ನು ಮುಂದಕ್ಕೆ ಎಳೆಯಬೇಕು, ಆಮೇಲೆ ಮೇಲಕ್ಕೆ. ಎಂಜಿನ್ ಭಾರ ಶಾಫ್ಟಿನ ಮೇಲೆ ಬಿದ್ದರೆ ಕ್ಲಚ್ ಪ್ಲೇಟ್ ಕೆಡುತ್ತೆ.

ಮೌಂಟಿಂಗ್ ಬೋಲ್ಟು ತೆಗೆದು ಚೈನ್ ಎಳೆದೆ. ಎಂಜಿನ್ ಒಂದಿಂಚು ಎದ್ದಿತು. ಮುಂದಕ್ಕೆ ತಳ್ಳಿದರೆ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮನೆಯ ಹುಡುಗ ಸಬ್ಬಲು ತಂದ. ನಾನೂ ಅದನ್ನು ಕೈಗೆ ತಗೊಂಡೆ.

"ತಡಿ ಮಗಾ" ಎಂದರು ಅಪ್ಪ. ಅವರು ಎಂಜಿನ್ ನೋಡುತ್ತಲೇ ಇರಲಿಲ್ಲ. ಸ್ಟೂಲಿನ ಮೇಲಿಂದ ಬಗ್ಗಿ ಕೆಳಗಿನ ಜಾಕಿ ನೋಡುತ್ತಿದ್ದರು. "ಗೇರ್ ಬಾಕ್ಸೂ ಎದ್ದಿದೆ ನೋಡು. ಜಾಕಿ ಸಡಿಲ ಆಗಿದೆ. ಇನ್ನೂ ಏನೋ ಹಿಡ್ಕೊಂಡಿದೆ."

ಚೈನ್ ಇಳಿಸಿ ಎಂಜಿನ್ನನ್ನು ಮತ್ತೆ ಮೌಂಟಿಂಗ್ ಮೇಲೆ ಕೂರಿಸಿದೆ. ಗಾಡಿಗೆ ಸ್ಟ್ಯಾಂಡ್ ಕೊಟ್ಟಿದ್ದರಿಂದ ಟಾರ್ಚ್ ಹಿಡಿದು ಕೆಳಗೆ ತೂರಿದೆ. ಎಷ್ಟೋ ವರ್ಷದ ಆಯಿಲು, ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆರೆದಾಗ, ಎಂಜಿನ್ನಿಗೆ ಗೇರ್ ಬಾಕ್ಸ್ ಸೇರಿಸುವ ಬೋಲ್ಟುಗಳಲ್ಲಿ ಬಿಚ್ಚದೆ ಉಳಿದಿದ್ದ ಒಂದರ ತಲೆ ಕಾಣಿಸಿತು. ಉಳಿದವುಗಳ ಸ್ಪ್ಯಾನರ್ ಅದಕ್ಕೆ ಕೂರಲಿಲ್ಲ. ಬದಲಾಗಿ ಬಂದಿದ್ದ ಬೋಲ್ಟುಗಳಲ್ಲಿ ಅದೂ ಒಂದು. ಸಬ್ಬಲು ಹಾಕಿದ್ದರೆ ಗೇರ್ ಬಾಕ್ಸಿನ ಬೋಲ್ಟು ಕೂರುವ ಅಲ್ಯೂಮಿನಿಯಂ ಕಿವಿ ಸೀಳಿಬಿಡುತ್ತಿತ್ತು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಆ ಬೋಲ್ಟು ಬಂದ ಮೇಲೆ ಎಂಜಿನ್ ಎರಡೇ ಕೈಯ ಬಲಕ್ಕೆ ಮುಂದೆ ಸರಿಯಿತು. ಚೈನ್ ಎಳೆದಂತೆ ಟಿಕಟಿಕ ಎನ್ನುತ್ತಾ ಮೇಲೆದ್ದಿತು. ಸ್ಟ್ಯಾಂಡ್ ತೆಗೆದು ಗಾಡಿಯನ್ನು ಹಿಂದಕ್ಕೆ ತಳ್ಳಿ, ಎಂಜಿನ್ನನ್ನು ಹಳೇ ಟೈರಿನ ಮೇಲೆ ಇಳಿಸಿದೆವು.

ಅಪ್ಪ ಸೀಮೆಎಣ್ಣೆ ಬಟ್ಟೆ ತಗೊಂಡು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದು ಕಡೆ ಉಜ್ಜುತ್ತಾ ಹೋದಂತೆ ಎಂಜಿನ್ ನಂಬರಿನ ಅಂಕಿಗಳು ಎದ್ದವು. ಅಮ್ಮ ಒಳಗಿನಿಂದ ಆರ್‌ಸಿ ತಂದು, ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು. ಅಪ್ಪ ಒಂದೊಂದೇ ಅಂಕಿ ಓದಿದರು. ಅಮ್ಮ ಒಂದೊಂದಕ್ಕೂ "ಹೂಂ" ಎಂದರು.