ಗೇಟಿನ ಮುಂದಿನ ಬಿರುಕು

ಬೆಳಿಗ್ಗೆಯಿಂದ ಗೇಟಿನ ಹತ್ತಿರ ಕೂತು ಕಾಂಕ್ರೀಟಿನ ಬಿರುಕು ತುಂಬಿದೆ. ಗದಗಿನ ನಮ್ಮ ಮನೆ ಇರುವುದು ಎರೆಮಣ್ಣಿನ ಮೇಲೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆದರೆ ತಪ್ಪು ಮಣ್ಣಿನದಷ್ಟೇ ಅಲ್ಲ. 4 ಇಂಚು ದಪ್ಪದ ಕಾಂಕ್ರೀಟ್ ನೆಲಕ್ಕೆ 8-10 ಅಡಿಗೊಂದು ಜಾಯಿಂಟ್, ಅಂದರೆ ಬೇಕೆಂದೇ ಬಿಡುವ ಸಂದಿ, ಬೇಕಿತ್ತು, ಬಿಟ್ಟಿರಲಿಲ್ಲ. ಕನಿಷ್ಠ 7 ದಿನ ನೀರುಣಿಸಬೇಕಿತ್ತು, ಎರಡೇ ದಿನಕ್ಕೆ ನಿಲ್ಲಿಸಿದ್ದೆವು.

ಉಳಿ ಹಿಡಿದು ಸಂದಿ ಬಿಡಿಸಿದಾಗ ಗೇಣುದ್ದದ ಗರಿಕೆ ಬೇರು ಬಂತು, ಇನ್ನೂ ತೇವ ಇತ್ತು. ಅಲುಗಾಡುವ ನೆಲಕ್ಕೆ ಬರೀ ಸಿಮೆಂಟ್ ತುಂಬಿದರೆ ಮತ್ತೆ ಸೀಳುತ್ತದೆ. ಅದಕ್ಕೇ ಧೂಳು ತೆಗೆದು, ಪೂರ್ತಿ ಒಣಗಿಸಿ, ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿದೆ.

ಅಪ್ಪ ಮನೆ ಕಟ್ಟುವಾಗ ಕಾಂಕ್ರೀಟಿನ ಮೇಲೆ ಹಾಸಿದ ಗೋಣಿಚೀಲವನ್ನು ದಿನಕ್ಕೆ ಮೂರು ಸಲ ನೆನೆಸುತ್ತಿದ್ದರು. ಆ ಮನೆ ಗಟ್ಟಿಯಾಗಿದೆ. ನಮಗೆ ಅಷ್ಟು ಅವಸರ ಏನಿತ್ತು ಅಂತ ಕೂತಲ್ಲೇ ಅನ್ನಿಸಿತು.

ಈ ಮಣ್ಣಿಗೆ ನೀರು ಇಳಿಯದಂತೆ ನಾಳೆ ತಾರಸಿ ನೀರಿನ ಪೈಪ್ ಆಚೆ ತಿರುಗಿಸಬೇಕು.