ಬಾಟ್ ಹಾಕಿ ಮಲಗಿದರೆ ದುಡ್ಡು ಬರುತ್ತಾ?

ಬರಲ್ಲ.

ಬಾಟ್ ಅಂದರೆ ನಾವು ಬರೆದಿಟ್ಟ ರೂಲ್ ಪ್ರಕಾರ ಬೆಟ್ಟಿಂಗ್ ಎಕ್ಸ್‌ಚೇಂಜಿನಲ್ಲಿ ತಾನೇ ಬೆಟ್ ಹಾಕುವ ಪ್ರೋಗ್ರಾಮ್. ಬರಲ್ಲ ಅಂತ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕಳೆದ ದೀಪಾವಳಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದೆವು. ಬಿಸಿಬೇಳೆ ಬಾತ್ ತಟ್ಟೆ ಹಿಡಿದು ಆಗಷ್ಟೇ ಕೂತಿದ್ದೆ. ಪರಿಚಯದವರೊಬ್ಬರು ಪಕ್ಕಕ್ಕೆ ಬಂದು, "ಏನ್ರೀ, ನೀವು ಬೆಟ್ ಹಾಕುವ ಸಾಫ್ಟ್‌ವೇರ್‌ನಲ್ಲಿ ಹೊಸ ಆಟೊಮೇಷನ್ ಬಂದಿದೆಯಂತೆ. ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು ಬಂದಿರುತ್ತಂತೆ, ಹೌದಾ?" ಅಂದರು. ಬಾತ್ ಖಾಲಿಯಾಗುವಷ್ಟರಲ್ಲಿ ಇನ್ನಿಬ್ಬರು ಅದನ್ನೇ ಕೇಳಿದರು. ಮೂವರ ಬಾಯಲ್ಲೂ ಆ "ಮಲಗಿದರೆ" ಇತ್ತು. ನನಗೆ ಸಿಟ್ಟು ಬರುವುದು ಆ ಪದಕ್ಕೆ.

ಬೆಟ್ಟಿಂಗ್ ಎಕ್ಸ್‌ಚೇಂಜ್ ಅಂದರೆ ಬುಕ್ಕಿ ಅಂಗಡಿ ಅಲ್ಲ. ಇಲ್ಲಿ ಬೆಟ್ ಕಟ್ಟುವವರು ಜನ, ಆ ಬೆಟ್ ಒಪ್ಪಿಕೊಳ್ಳುವವರೂ ಜನ. ಬೆಟ್‌ಫೇರ್ ಅನ್ನುವ ಎಕ್ಸ್‌ಚೇಂಜ್ 2000ದಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿದ್ದೇ ಹೀಗೆ. ಕುದುರೆ ಗೆಲ್ಲುತ್ತೆ ಅಂತ ಕಟ್ಟಿದರೆ ಬ್ಯಾಕ್, ಗೆಲ್ಲಲ್ಲ ಅಂತ ಕಟ್ಟಿದರೆ ಲೇ. ಒಬ್ಬನ ಲಾಭ ಬರುವುದು ಇನ್ನೊಬ್ಬನ ಜೇಬಿನಿಂದ. ಗೆದ್ದವನ ಲಾಭದಲ್ಲಿ ಎಕ್ಸ್‌ಚೇಂಜ್ ಕಮಿಷನ್ ಹಿಡಿಯುತ್ತೆ. ಹಾಗಿರುವಾಗ ನೀವು ಮಲಗಿದ್ದರೆ, ಎಚ್ಚರವಾಗಿ ಕೂತಿರುವವನು ನಿಮಗೆ ಯಾಕೆ ದುಡ್ಡು ಕೊಡಬೇಕು?

ಒಂದು ಲೆಕ್ಕ ನೋಡಿ. ಫುಟ್‌ಬಾಲ್‌ನಲ್ಲಿ ಡ್ರಾ ಲೇ ಮಾಡುವುದು ತುಂಬ ಹಳೆಯ ಉಪಾಯ. ಬೆಲೆ 3.5 ಅಂದರೆ, ಒಂದು ಪೌಂಡ್ ಬ್ಯಾಕ್ ಮಾಡಿದವನು ಗೆದ್ದರೆ ಕಟ್ಟಿದ್ದೂ ಸೇರಿ ಮೂರೂವರೆ ಪೌಂಡ್ ವಾಪಸ್. ಡ್ರಾ ಬೆಲೆ 3.5 ಇದ್ದಾಗ 20 ಪೌಂಡ್ ಲೇ ಮಾಡಿದಿರಿ. ಡ್ರಾ ಆಗದಿದ್ದರೆ 20 ಪೌಂಡ್ ನಿಮ್ಮದು, ಆದರೆ 50 ಹೋಯಿತು. ಬಲವಾದ ತಂಡ ಗೋಲು ಹೊಡೆಯಿತು, ಡ್ರಾ ಬೆಲೆ 5ಕ್ಕೆ ಏರಿತು ಅನ್ನಿ. ಆಗ 14 ಪೌಂಡ್ ಬ್ಯಾಕ್ ಮಾಡಿದರೆ ಪಂದ್ಯ ಹೇಗೇ ಮುಗಿಯಲಿ, 6 ಪೌಂಡ್ ಉಳಿಯುತ್ತೆ, ಅದರಲ್ಲಿ ಕಮಿಷನ್ ಕಳೆಯಿರಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಗೋಲೇ ಬರಲಿಲ್ಲ ಅನ್ನಿ. ಪಂದ್ಯ ಮುಗಿಯುತ್ತಾ ಬಂದ ಹಾಗೆ ಡ್ರಾ ಬೆಲೆ ಇಳಿದು 2ಕ್ಕೆ ಬಂತು. ಅಲ್ಲಿ ಹೊರಗೆ ಬರೋಕೆ 35 ಪೌಂಡ್ ಬ್ಯಾಕ್ ಮಾಡಬೇಕು, ನಷ್ಟ 15. ಎರಡು ಸಲ ಗೆದ್ದದ್ದು ಒಂದೇ ಸಲಕ್ಕೆ ಹೋಯಿತು, ಮೇಲೆ 3 ಪೌಂಡ್ ಕೈಯಿಂದ ಕೊಟ್ಟ ಹಾಗಾಯಿತು.

ಈ ಲೆಕ್ಕ ಬಾಟ್ ಕೈಗೆ ಕೊಟ್ಟರೆ ಬದಲಾಗುವುದಿಲ್ಲ. ಯೋಚನೆ ಸರಿ ಇದ್ದರೆ ಬಾಟ್ ಅದನ್ನು ಬೇಗ ಮಾಡುತ್ತೆ, ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ಬೇಗ ಮಾಡುತ್ತೆ, ಬೇಜಾರಿಲ್ಲದೆ, ನೂರು ಸಲ.

"ಸ್ಟಾಪ್ ಲಾಸ್ ಇದೆಯಲ್ಲ" ಅನ್ನುತ್ತಾರೆ. ಇದೆ. ಬೆಲೆ 3ಕ್ಕೆ ಇಳಿದರೆ ಹೊರಗೆ ಬಾ ಅಂತ ಹಾಕಬಹುದು. ಆದರೆ ಹಿಂದಿದ್ದ ತಂಡ ಕೊನೆ ಹೊತ್ತಿಗೆ ಸಮ ಮಾಡಿತು ಅನ್ನಿ. ಗೋಲು ಬಿದ್ದಾಗ ಮಾರ್ಕೆಟ್ ನಿಲ್ಲುತ್ತೆ. ಮತ್ತೆ ತೆರೆಯುವಾಗ ಬೆಲೆ 3ರಲ್ಲಿ ಇರುವುದಿಲ್ಲ, 1.5ರಲ್ಲಿ ಇರುತ್ತೆ. ನಡುವಿನ ಬೆಲೆಯಲ್ಲಿ ನಿಮ್ಮ ಬೆಟ್ ತೆಗೆದುಕೊಳ್ಳುವವರೇ ಇರಲಿಲ್ಲ. ಬಾಟ್ ಏನು ಮಾಡಬೇಕು?

ಸಾಫ್ಟ್‌ವೇರ್‌ನ ಹೊಸ ವರ್ಷನ್ ಬಂದಾಗಲೆಲ್ಲ ನಮ್ಮ ಬಳಕೆದಾರರ ನಡುವೆ ಎಷ್ಟು ಮಾತು! ಒಂದು ರೂಲ್ ಇನ್ನೊಂದು ರೂಲನ್ನು ಎಬ್ಬಿಸಬಹುದು, ಹಿಂದಿನ ಬೆಲೆ ನೆನಪಿಟ್ಟುಕೊಳ್ಳಬಹುದು, ಎಕ್ಸೆಲ್ ಹಾಳೆಯಿಂದಲೇ ಬೆಟ್ ಹಾಕಬಹುದು. ಎಲ್ಲವೂ ಒಳ್ಳೆಯ ಕೆಲಸವೇ, ನನಗೂ ಖುಷಿಯಾಗುತ್ತೆ. ಆದರೆ "ಈ ರೂಲ್ ಎಷ್ಟು ಸಲ ನಡೆಯಬೇಕು" ಅನ್ನುವ ಚಿಕ್ಕ ಖಾನೆ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆ ಖಾನೆಯ ಮಹತ್ವ ನನಗೆ ಗೊತ್ತಾಗಿದ್ದು ಒಂದು ಶನಿವಾರ. ಫೇವರಿಟ್ ಕುದುರೆ 2.5ಕ್ಕಿಂತ ಕೆಳಗೆ ಬಂದರೆ 4 ಪೌಂಡ್ ಲೇ ಮಾಡು ಅಂತ ರೂಲ್ ಬರೆದಿದ್ದೆ. ಒಂದೇ ಸಲ ಅಂತ ಬರೆಯಲಿಲ್ಲ. ಟೀ ಮಾಡಿಕೊಂಡು ಬರುವಷ್ಟರಲ್ಲಿ 17 ಬೆಟ್ ಬಿದ್ದಿತ್ತು, 68 ಪೌಂಡ್. ಬೆಲೆ ಸುಮಾರು 2.4. ಕುದುರೆ ಗೆದ್ದಿತು. 95 ಪೌಂಡ್ ಹೋಯಿತು. ಸಾಫ್ಟ್‌ವೇರ್ ನಾನು ಹೇಳಿದ್ದನ್ನೇ ಮಾಡಿತ್ತು. ತಪ್ಪು ಪೂರ್ತಿ ನನ್ನದು.

ನನ್ನದು 95 ಪೌಂಡ್. 2011ರ ಡಿಸೆಂಬರ್ 28ರಂದು ಐರ್ಲೆಂಡಿನ ಲೆಪರ್ಡ್‌ಸ್ಟೌನ್‌ನಲ್ಲಿ ಆಗಿದ್ದನ್ನು ಕೇಳಿ. ವೊಲೆರ್ ಲಾ ವೆಡೆಟ್ ಅನ್ನುವ ಕುದುರೆ ಗೆಲ್ಲುವ ಹಾದಿಯಲ್ಲಿದ್ದಾಗ, ಬೆಟ್‌ಫೇರ್‌ನಲ್ಲಿ ಅದರ ಮೇಲೆ 29ರ ಬೆಲೆಗೆ 2.1 ಕೋಟಿ ಪೌಂಡ್ ಕಟ್ಟಿ ಅಂತ ಕರೆಯುತ್ತಾ ಒಂದು ಲೇ ಬೆಟ್ ನಿಂತಿತ್ತು. ಪೂರ್ತಿ ಕೊಡಬೇಕಾಗಿ ಬಂದಿದ್ದರೆ ಸುಮಾರು 59 ಕೋಟಿ ಪೌಂಡ್. ಹಾಕಿದ್ದು ಒಬ್ಬ ಗ್ರಾಹಕನ ಬಾಟ್, ಅವನ ಖಾತೆಯಲ್ಲಿ ಇದ್ದದ್ದು ಸಾವಿರ ಪೌಂಡ್‌ಗಿಂತ ಕಡಿಮೆ. ತಾಂತ್ರಿಕ ದೋಷ ಅಂತ ಹೇಳಿ ಬೆಟ್‌ಫೇರ್ ಓಟದ ನಡುವೆ ಬಿದ್ದ ಬೆಟ್‌ಗಳನ್ನು ರದ್ದು ಮಾಡಿತು. ಗೆದ್ದೆವು ಅಂದುಕೊಂಡಿದ್ದವರ ಸಿಟ್ಟು ಎಷ್ಟಿದ್ದಿರಬೇಕು!

ಇನ್ನು ಮೈಸೂರಿನಿಂದ ಅಕ್ಕನ ಮಗ ಫೋನ್ ಮಾಡುತ್ತಾನೆ. "ಮಾವ, ನನಗೂ ಒಂದು ಸೆಟ್ ಮಾಡಿಕೊಡಿ." ಇಲ್ಲ ಕಣೋ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಕಾನೂನಿನಲ್ಲಿ ನಿಷೇಧಿಸಿದೆ. ವಾಟ್ಸಾಪ್‌ನಲ್ಲಿ "ಎಕ್ಸ್‌ಚೇಂಜ್ ಐಡಿ ಕೊಡ್ತೀವಿ" ಅನ್ನುವವರ ಹತ್ತಿರ ಹೋಗಲೇಬೇಡ. ಈ ವಿಷಯದಲ್ಲಿ ಮಾವನಿಗೆ ಎರಡನೇ ಮಾತಿಲ್ಲ.

ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬಳೇ, ನನ್ನ ಹೆಂಡತಿ. ಆ 95 ಪೌಂಡ್ ಹೋದ ರಾತ್ರಿ ಚಪಾತಿ ಲಟ್ಟಿಸುತ್ತಾ, "ಅಲ್ಲಾ, ಮಧ್ಯದಲ್ಲಿ ನೆಟ್ ಹೋದರೆ ಇದು ಏನು ಮಾಡುತ್ತೆ?" ಅಂದಳು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ಹುಡುಕಿಯೇ ಇರಲಿಲ್ಲ.

ಹುಡುಕಿದೆ. ಬಾಟ್ ಇರುವುದು ನನ್ನ ಕಂಪ್ಯೂಟರಿನಲ್ಲಿ, ಬೆಟ್ ಇರುವುದು ಎಕ್ಸ್‌ಚೇಂಜಿನಲ್ಲಿ. ನೆಟ್ ಹೋದರೆ ಆಗಲೇ ಕೂಡಿದ, ಅಂದರೆ ಎದುರಿನವರು ಒಪ್ಪಿಕೊಂಡ, ಬೆಟ್ ಹಾಗೇ ನಿಲ್ಲುತ್ತೆ, ಅದರಿಂದ ಹೊರಗೆ ತರಬೇಕಾದ ಬಾಟ್‌ಗೆ ದಾರಿಯೇ ಇರುವುದಿಲ್ಲ. ಬೆಟ್‌ಫೇರ್‌ನ ಎಪಿಐನಲ್ಲಿ, ಅಂದರೆ ನಮ್ಮ ಪ್ರೋಗ್ರಾಮ್ ಅದರ ಜೊತೆ ಮಾತಾಡುವ ದಾರಿಯಲ್ಲಿ, ಹಾರ್ಟ್‌ಬೀಟ್ ಅಂತ ಒಂದಿದೆ. ಪ್ರೋಗ್ರಾಮ್‌ನಿಂದ ಆಗಾಗ "ಇದ್ದೀನಿ" ಅನ್ನುವ ಸುದ್ದಿ ಬರುವುದು ನಿಂತರೆ, ಇನ್ನೂ ಕೂಡದ ಬೆಟ್‌ಗಳನ್ನು ಅದು ರದ್ದು ಮಾಡುತ್ತೆ. ಕೂಡಿಬಿಟ್ಟ ಬೆಟ್‌ಗೆ ಅದೂ ಏನೂ ಮಾಡಲ್ಲ. ಅದಕ್ಕೆ ಈಗ ನಾನು ಬೆಟ್ ಎಷ್ಟು ದೊಡ್ಡದಿರಬೇಕು ಅಂತ ಮೊದಲು ನೋಡುತ್ತೇನೆ. ನೆಟ್ ಹೋಗಿ ಪೂರ್ತಿ ಸೋತರೂ ಆ ತಿಂಗಳ ಮನೆ ಖರ್ಚಿಗೆ ಕೈ ಹಾಕುವ ಹಾಗಿರಬಾರದು. ಆಮೇಲೆ ನಿಜವಾದ ದುಡ್ಡಿಲ್ಲದ ಪ್ರಾಕ್ಟೀಸ್ ಮೋಡ್‌ನಲ್ಲಿ ರೂಲ್ ಓಡಿಸಿ, ಓಟದ ನಡುವೆ ರೂಟರ್‌ನ ವೈರ್ ಕಿತ್ತು ನೋಡುತ್ತೇನೆ. ಪ್ರತಿ ಹೊಸ ರೂಲ್‌ಗೂ ಕೀಳುತ್ತೇನೆ. ಅದಕ್ಕೆ ಮಾತ್ರ ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಮಗಳ ಆನ್‌ಲೈನ್ ಕ್ಲಾಸ್ ಅದೇ ಹೊತ್ತಿಗೆ ಇರುತ್ತೆ.