ಮಳೆನೀರು ಕಂಡ ಕಾರು, ಮೂರು ಲಕ್ಷದ ಲೆಕ್ಕ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಹಳೆಯ ಕಾರನ್ನು ಹುಡುಕಲು ಹೊರಟಾಗ ಕೈಯಲ್ಲಿದ್ದದ್ದು ಮೂರು ಲಕ್ಷ ರೂಪಾಯಿ. ಮೊಣಕಾಲು ನೋವಿನ ಅತ್ತೆಯವರು ಹೆಚ್ಚು ಬಗ್ಗದೆ ಹತ್ತಿ ಕೂರಬಹುದೆಂಬ ಕಾರಣಕ್ಕೆ ಎತ್ತರದ ವ್ಯಾಗನ್ ಆರ್ ನಮ್ಮ ಪಟ್ಟಿಯಲ್ಲಿ ಮೊದಲು ಬಂತು.

2005ರ ಜುಲೈ 26ರ ಮಹಾಪ್ರವಾಹವನ್ನು ಕಂಡ ಮುಂಬಯಿಯಲ್ಲಿ ಕಾರು ಕೊಳ್ಳುವವರು ಓಡಿದ ಕಿಲೋಮೀಟರುಗಳಿಗಿಂತ ಮೊದಲು ಮಳೆಗಾಲವನ್ನು ನೆನೆಯಬೇಕು. ನೀರಿನಲ್ಲಿ ಮುಳುಗಿದ್ದ ಕಾರು ಪಾಲಿಶ್ ಮಾಡಿದೊಡನೆ ಹೊಳೆಯುತ್ತದೆ. ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕಾಣುವ ಕೆಸರಿನ ಗೆರೆ, ಸ್ಟೆಪ್ನಿಯ ಗುಂಡಿಯಲ್ಲಿನ ತುಕ್ಕು, ಕಾರ್ಪೆಟ್ಟಿನ ಅಡಿಯ ಮುಗ್ಗಲು ವಾಸನೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಒಂದು ಕಾರಿನಲ್ಲಿ ಸುಗಂಧ ವಿಪರೀತವಾಗಿದ್ದುದೇ ನನಗೆ ಅನುಮಾನ ತಂದಿತು. (ಅತ್ತೆಯವರಿಗೆ ಆ ಪರಿಮಳ ಬಹಳ ಹಿಡಿಸಿತ್ತು.)

ಕಾಗದಪತ್ರಗಳ ವಿಷಯದಲ್ಲಿ, ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಗಳಿಗೆ ಮಾತ್ರ ಎಂಬುದನ್ನು ಗಮನಿಸಿ, ಹೆಸರು ಬದಲಾವಣೆಯ 29 ಮತ್ತು 30ನೇ ಫಾರ್ಮುಗಳ ಜೊತೆಗೆ, ಹಳೆಯ ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯುಳ್ಳ 35ನೇ ಫಾರ್ಮನ್ನೂ ಕೇಳಿ ಪಡೆಯಬೇಕು.

ಕೊನೆಗೆ ನಾವು ಒಪ್ಪಿದ್ದು, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ ನಮ್ಮ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿದ, ಒಬ್ಬರೇ ಮಾಲೀಕರು ಓಡಿಸಿದ್ದ ಪೆಟ್ರೋಲ್ ಕಾರನ್ನು. ಟೈರು ಮತ್ತು ಬ್ಯಾಟರಿಗೆಂದು 25,000 ರೂಪಾಯಿಯನ್ನು ಮೊದಲೇ ತೆಗೆದಿಟ್ಟಿದ್ದೆವು. ಎರಡೇ ತಿಂಗಳಲ್ಲಿ ಅದು ಖರ್ಚಾಯಿತು.